ಒಂದೇ ಅಳತೆಯ ಪೆಟ್ಟಿಗೆ

ಉಪ್ಪಲ್, ಹೈದರಾಬಾದ್
3 ಆಗಸ್ಟ್ 2008, ರವಿವಾರ

ವೈಜನಾಥಗ,

ಬರೆಯೋದು ನನ್ನ ಕೆಲಸ ಅಲ್ಲ. ನಾಕನೇ ಇಯತ್ತೆಗೆ ಸಾಲಿ ಬಿಟ್ಟವ ನಾ. ಬಡಿಗನ ಪೆನ್ಸಿಲ್ ಕಿವಿ ಮ್ಯಾಲೆ ಇಟ್ಕೊಳ್ಳಾಕ ಬರ್ತೈತಿ, ಕಾಗದದ ಮ್ಯಾಲೆ ಓಡಸಾಕ ಬರಂಗಿಲ್ಲ. ಅಂಥವನ ಕೈಯಾಗ ಈ ವಯಸ್ಸಿನಾಗ ಪತ್ರ ಬರಸಾಕತ್ತಿ ನೀನು. ಹದಿನಾರು ಸಲ ಫೋನ್ ಮಾಡೀನಿ, ಎತ್ತಿಲ್ಲ. ಹೋದ ಮಂಗಳವಾರ ಎರಡು ಬಸ್ ಬದಲಿಸಿ ಗಚ್ಚಿಬೌಲಿತನಕ ಬಂದೆ. ನಿಮ್ಮ ಗೇಟಿನ ಕಾವಲಿನವ ಫ್ಲ್ಯಾಟ್ ನಂಬರ್ ಎಷ್ಟು ತಾತಾ ಅಂತ ಕೇಳಿದ. ಐವತ್ತು ವರ್ಷದ ದೋಸ್ತನ ಮನಿಗೆ ನಂಬರ್ ಯಾಕ ಬೇಕೋ ಅಂದೆ. ಫೋನ್ ಹಚ್ಚಿ ಒಳಗ ಕೇಳಿದ. ಇಟ್ಟು, "ಸಾರ್ ಲೇರಂಟ ತಾತಾ, ಸಾರೇ ಚೆಪ್ಪಾರು" ಅಂದ. ಸಾರ್ ಇಲ್ಲಂತ, ಹಂಗಂತ ಸಾರೇ ಹೇಳಿದ್ರಂತ. ಅಂವನಿಗೆ ಅದರಾಗ ಏನೂ ತಪ್ಪು ಕಾಣಲಿಲ್ಲ.

ಅದಕ್ಕ ಈ ಪತ್ರ. ಟಪಾಲು ಗೇಟಿನಾಗ ತಡಿಯಂಗಿಲ್ಲ.

ಮೇ ತಿಂಗಳಿಂದ ನೀ ಚರ್ಚಿಗೆ ಬಂದಿಲ್ಲ. ನಮ್ಮ ಕನ್ನಡ ಆರಾಧನೆಗೆ ಈಗ ಬರೋರು ಇಪ್ಪತ್ತೆರಡು ಮಂದಿ. ಮುಂಜಾನೆ ಏಳಕ್ಕ ನಾವು, ಒಂಬತ್ತಕ್ಕ ತೆಲುಗಿನವರು. ನಮ್ಮ ಕಡೇ ಹಾಡು ಮುಗಿಯೋದ್ರಾಗ ಅವರು ಬಾಗಿಲಾಗ ನಿಂತು ಗಡಿಯಾರ ನೋಡ್ತಿರ್ತಾರ. ಇಪ್ಪತ್ತೆರಡರಾಗ ಒಬ್ಬ ಕಡಿಮಿ ಆದ್ರ ಕಾಣಸ್ತೈತಿ. ನಿನ್ನ ಜಾಗಾದಾಗ ಯಾರೂ ಕೂಡಂಗಿಲ್ಲ.

ಯಾಕ ಬರವಲ್ಲಿ ಅಂತ ನನಗ ಗೊತ್ತೈತಿ. ಆದ್ರ ನೀ ನನ್ನ ಒಂದು ಮಾತಷ್ಟೇ ನೆನಪಿಟ್ಟಿ, ಅದಕ್ಕ ಪೂರಾ ಹೇಳ್ತೀನಿ. ನಲವತ್ತೊಂದು ವರ್ಷ ನಮ್ಮ ಸಭೆಯಾಗ ಯಾರು ತೀರಿಕೊಂಡ್ರೂ ಪೆಟ್ಟಿಗಿ ನಾನೂ ನೀನೂ ಮಾಡೀವಿ. ಒಬ್ಬರ ಕಡೆ ಕೂಲಿ ಮುಟ್ಟಿಲ್ಲ. ಎಲ್ಲಾರಿಗೂ ಒಂದೇ ಅಳತಿ, ಒಂದೇ ಕಾಡುಕಟ್ಟಿಗಿ, ಮ್ಯಾಲೆ ಹೊದಿಸಿದ ಕರೇ ಅರಿವಿ, ಅದರ ಮ್ಯಾಲೆ ಬಿಳೇ ಪಟ್ಟಿಯ ಶಿಲುಬಿ. ತಹಶೀಲ್ದಾರರು ಹೋದಾಗೂ ಅದೇ, ದವಾಖಾನಿ ಆಯಾ ಹೋದಾಗೂ ಅದೇ, ನನ್ನ ಹೆಂಡತಿ ಸೂಗಮ್ಮ ಹೋದಾಗೂ ಅದೇ. ಕುಣಿ ತೋಡೋ ಆಳು ಯಾದಗಿರಿ ಕೈಯಾಗ ಅದೇ ಅಳತಿಯ ಕೋಲು ಐತಿ. ಸ್ಮಶಾನ ಇಕ್ಕಟ್ಟು, ನಾಕು ಬೆರಳು ಹೆಚ್ಚು ತೋಡಿದ್ರ ಮಗ್ಗಲಿನವರ ಕಲ್ಲು ಅಲ್ಲಾಡ್ತೈತಿ.

ಮೇದಾಗ ನಿನ್ನ ಹೆಂಡತಿ ಶಿವದೇವಿ ಹೋದಾಗ ನೀನು ಅಂಗಡಿಯಿಂದ ಸಾಗವಾನಿ ಪೆಟ್ಟಿಗಿ ತಂದಿ. ಪಾಲಿಶ್ ಹೊಡೆದದ್ದು, ಆರು ಹಿತ್ತಾಳಿ ಹಿಡಿಕಿ. ಅದು ಕುಣಿಯಾಗ ಅರ್ಧಕ್ಕ ಸಿಕ್ಕೊಂಡು ನಿಂತಿತು. ಯಾದಗಿರಿ ಗುದ್ದಲಿ ತಂದು ಮಗ್ಗಲು ಕಡಿಯೋತನಕ ನಲವತ್ತು ನಿಮಿಷ ಎಲ್ಲಾರೂ ಬಿಸಿಲಾಗ ನಿಂತೆವು. ಆಗ ನಾನು, "ಶ್ರೀಮಂತರಿಗೆ ಬಾಗಿಲ ಸಣ್ಣದು ಅಂತ ಬೈಬಲ್ಲಿನಾಗ ಸ್ವಾಮಿ ಸುಮ್ಮನ ಹೇಳಿಲ್ಲ" ಅಂದೆ. ಗಟ್ಟಿಯಾಗೇ ಅಂದೆ.

ಸುಳ್ಳು ಹೇಳಿಲ್ಲ. ಖರೇ ಮಾತು ಕೆಟ್ಟ ಹೊತ್ತಿನಾಗ ಹೇಳಿದೆ, ಅಷ್ಟೇ ನನ್ನ ತಪ್ಪು. ಬರೋ ರವಿವಾರ ಬಾ.

ಬೆರಳು ನೋಯಿಸಿಕೊಂಡು ಬರೆದವ,
ಕಲ್ಯಾಣಪ್ಪ

*

ಉಪ್ಪಲ್
7 ಸೆಪ್ಟೆಂಬರ್ 2008

ವೈಜನಾಥಗ,

ಬರಲಿಲ್ಲ, ಬರೀಲೂ ಇಲ್ಲ. ಒಂದು ಸುದ್ದಿ ಐತಿ, ಅದನ್ನ ತಿಳಿಸಬೇಕಾದ್ದು ಧರ್ಮ.

ಮಾರ್ಥಾಬಾಯಿ ಹೋದಳು. ಮನಿಮನಿಗೆ ತಿರುಗಿ ಹೆಣ್ಣುಮಕ್ಕಳಿಗೆ ವಾಕ್ಯ ಓದಿ ಹೇಳ್ತಿದ್ದಾಕಿ. ಹಿಂದಿಲ್ಲ ಮುಂದಿಲ್ಲ, ಚರ್ಚಿನ ಹಿಂದಿನ ಖೋಲಿಯಾಗ ಇದ್ದಳು. ಪೆಟ್ಟಿಗಿ ನಾ ಒಬ್ಬನೇ ಮಾಡಿದೆ. ಏಳಡಿ ಹಲಗಿ ಕೊಯ್ಯಬೇಕಂದ್ರ ಆ ತುದಿಗೆ ಒಬ್ಬ ಮನಿಷಾ ಬೇಕು, ನಿನಗ ಗೊತ್ತು. ಕುರ್ಚಿ ಇಟ್ಟೆ, ಕುರ್ಚಿ ಮ್ಯಾಲೆ ಒಳಕಲ್ಲು ಇಟ್ಟೆ. ಕಲ್ಲಿಗೆ, ಬಿಗಿ ಹಿಡಿ ಅಂತ ಹೇಳಾಕ ಬರಂಗಿಲ್ಲ. ಹಲಗಿ ನಡುಗಿತು. ಗೆರಿ ಬಿಟ್ಟು ಗರಗಸ ಹೊರಗ ಹೋತು. ಮುಚ್ಚಳ ಒಂದು ಹೆಬ್ಬೆಟ್ಟಿನಷ್ಟು ಕೂಡಲಿಲ್ಲ. ಕರೇ ಅರಿವಿ ಎರಡು ಮಡಿಕಿ ತುರುಕಿ ಮುಚ್ಚಿದೆ. ಯಾರೂ ನೋಡಲಿಲ್ಲ. ನೀ ಇದ್ದಿದ್ರ, ಇದೇನ್ ಬಡಿಗತನಾ ಲೇ, ಮಂಗ ಕೊಯ್ದಂಗ ಕೊಯ್ದೀ ಅಂತಿದ್ದಿ.

ಕಮಿಟಿಯವರು ಇನ್ನ ಮ್ಯಾಲೆ ಅಂಗಡಿ ಪೆಟ್ಟಿಗಿ ತರಸೋಣ ಅನ್ನಾಕತ್ತಾರ. ನಾ ಸಿಟ್ಟಿಲೇ ಎದ್ದು ಬಂದೆ.

ನೀ ಆಫೀಸುಗಳಿಗೆ ಮೇಜು, ಅಡ್ಡಗೋಡಿ ಮಾಡೋ ಕೆಲಸ ಹಿಡಿದಾಗ ನನ್ನೂ ಕರೆದಿದ್ದಿ. ಶನಿವಾರ ಸಂಜಿಗೆ ಆಫೀಸು ಖಾಲಿ ಆಗ್ತೈತಿ, ಸೋಮವಾರ ಮುಂಜಾನಿಗೆ ಗೋಡಿ ಎದ್ದಿರಬೇಕು, ಇಬ್ಬರೂ ಕೂಡಿ ಮಾಡೋಣ ಅಂದಿ. ಹಂಗಾದ್ರ ರವಿವಾರ ಎಲ್ಲಿ ಹೋತು ಅಂದೆ. "ದೇವರು ಸೋಮವಾರನೂ ಇರ್ತಾನ ಬಿಡೋ" ಅಂದಿ ನಗತಾ. ನಾ ಬರಲಿಲ್ಲ. ನೀ ತಿಂಗಳಿಗೊಮ್ಮೆ ಚರ್ಚಿಗೆ ಬರೋವ ಆದಿ, ಕಾರಿನಾಗ. ನಾ ಈ ತಗಡಿನ ಮನಿಯಾಗ ಉಳಿದೆ. ಅದರ ಬಗ್ಗೆ ನನಗ ಒಂದಿನಾನೂ ದುಃಖ ಆಗಿಲ್ಲ. ಆದ್ರ ಹಲಗಿಯ ಆ ತುದಿಗೆ ಯಾರೂ ಇಲ್ಲ, ಅದಕ್ಕ ಬರೆದೆ.

ಉತ್ತರ ಬರೀದಿದ್ರೂ ಓದಿರ್ತಿ ಅಂತ ತಿಳ್ಕೊಂಡಿರೋವ,
ಕಲ್ಯಾಣಪ್ಪ

*

ಗಚ್ಚಿಬೌಲಿ, ಹೈದರಾಬಾದ್
21 ಸೆಪ್ಟೆಂಬರ್ 2008

ಶ್ರೀ ಕಲ್ಯಾಣಪ್ಪನವರಿಗೆ,

ನಿಮ್ಮ ಎರಡೂ ಪತ್ರಗಳು ತಲುಪಿವೆ. ಮಾರ್ಥಾಬಾಯಿಯ ಸುದ್ದಿ ತಿಳಿದು ದುಃಖವಾಯಿತು.

ನಾನು ಯಾಕೆ ಬರುವುದಿಲ್ಲ ಎಂಬುದನ್ನು ಒಂದೇ ಸಲ ಹೇಳುತ್ತೇನೆ. ಪೆಟ್ಟಿಗೆ ಓರೆಯಾಗಿ ನಿಂತಿತ್ತು. ತಲೆಯ ಕಡೆ ಕೆಳಗೆ, ಕಾಲಿನ ಕಡೆ ಮೇಲೆ. ಒಳಗೆ ಅವಳು ಜಾರಿದ ಸಪ್ಪಳ ನನಗೆ ಕೇಳಿಸಿತು. ಮಗಳು ಶೋಭಾಗೂ ಕೇಳಿಸಿತು. ಇಂದಿಗೂ ನಮ್ಮ ಅಡಿಗೆಮನೆಯಲ್ಲಿ ಯಾವುದಾದರೂ ಪಾತ್ರೆ ಕಟ್ಟೆಯ ಮೇಲೆ ಸರಿದರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಆ ಸಪ್ಪಳ ಆದ ಕೂಡಲೇ ನೀವು ನಿಮ್ಮ ಮಾತು ಹೇಳಿದಿರಿ. ನಾಲ್ಕು ಮಂದಿ ತಲೆ ತಗ್ಗಿಸಿ ನಕ್ಕರು. ಯಾರು ನಕ್ಕರು ಎಂದು ನಾನು ನೋಡಲಿಲ್ಲ.

ನನಗೆ ಹಣದ ಆಸೆ ಇತ್ತು, ಒಪ್ಪುತ್ತೇನೆ. ರವಿವಾರಗಳನ್ನು ಮಾರಿದೆ, ಅದನ್ನೂ ಒಪ್ಪುತ್ತೇನೆ. ನಿಮಗೆ ಇದ್ದದ್ದು ಬಡತನದ ಆಸೆ. ನಾನು ನನ್ನ ಕಾರನ್ನು ಚರ್ಚಿನ ಕಂಪೌಂಡಿನ ಹೊರಗೆ ನಿಲ್ಲಿಸಿ ಬರುತ್ತಿದ್ದೆ. ನೀವು ನಿಮ್ಮ ಮಾಸಿದ ಅಂಗಿಯನ್ನು ಮುಂದಿನ ಸಾಲಿನ ತನಕ ತರುತ್ತಿದ್ದಿರಿ.

ಇನ್ನು ಪತ್ರ ಬರೆಯಬೇಡಿ.

ಇತಿ,
ಸ್ಯಾಮ್ಯುಯೆಲ್ ವೈಜನಾಥ

*

ಉಪ್ಪಲ್
12 ಅಕ್ಟೋಬರ್ 2008

ಶ್ರೀ ಸ್ಯಾಮ್ಯುಯೆಲ್ ವೈಜನಾಥನವರಿಗೆ,

ನನಗೂ "ನವರು" ಹಚ್ಚಾಕ ಬರ್ತೈತಿ, ನೋಡ್ರಿ. ಹುಮನಾಬಾದಿನಿಂದ ಒಂದೇ ಕಂಬಳಿ ಹೊದ್ದು ಲಾರಿ ಮ್ಯಾಲೆ ಕುಂತು ಬಂದವರು ನಾವು. ದೀಕ್ಷಾಸ್ನಾನದ ದಿನ ಬಿಟ್ರ ನಿನ್ನ ಯಾರೂ ಸ್ಯಾಮ್ಯುಯೆಲ್ ಅಂದಿಲ್ಲ. ನನಗ ಸಹಿ ತೋರಸಾಕತ್ತಿ?

ನನ್ನ ಅಂಗಿ ಮಾಸೈತಿ. ಎರಡೇ ಅದಾವ. ಒಂದು ಒಗದ್ರ ಒಂದು ಹಾಕ್ಕೋತೀನಿ, ಮಳಿಗಾಲದಾಗ ಒಣಗಂಗಿಲ್ಲ. ಮುಂದಿನ ಸಾಲಿನಾಗ ಕೂಡೋದು ಕಿವಿ ಮಂದ ಆಗೈತಿ ಅಂತ. ಅದನ್ನ ನೀ ಇಷ್ಟು ವರ್ಷ ಹಿಂದ ಕುಂತು ಅಳಿಯಾಕತ್ತಿದ್ದಿ ಅಂತ ಗೊತ್ತಿರಲಿಲ್ಲ.

ಆ ಸಪ್ಪಳ ನನಗ ಕೇಳಿಲ್ಲ. ಕೇಳಿದ್ರ ಅನ್ನತಿದ್ದಿಲ್ಲ.

ಬರೀಬ್ಯಾಡ ಅಂದಿ. ಆತು.

ಕಲ್ಯಾಣಪ್ಪ

*

ಉಪ್ಪಲ್
28 ಡಿಸೆಂಬರ್ 2008

ವೈಜನಾಥಾ,

ಬರೆಯಂಗಿಲ್ಲ ಅಂದವ ಬರೆಯಾಕತ್ತೀನಿ. ಹರದು ಒಗಿಬೇಕಂದ್ರ ಪೂರಾ ಓದಿ ಒಗಿ.

ಕ್ರಿಸ್‌ಮಸ್ ಆರಾಧನೆಯಾಗ ಪಾದ್ರಿ ಅಯ್ಯನವರು, ಸಭೆಯಾಗ ಹಳಬರು ಅಂದ್ರ ಕಲ್ಯಾಣಪ್ಪನವರು, ಈ ವರ್ಷದ ಸಾಕ್ಷಿ ಅವರು ಹೇಳಲಿ ಅಂದ್ರು. ಎದ್ದು ನಿಂತೆ. ನಾ ಪ್ರತಿ ಸಲ ಏನ್ ಹೇಳ್ತೀನಿ ನಿನಗ ಬಾಯಿಪಾಠ ಐತಿ. ರವಿವಾರ ಉಳಿ ಮುಟ್ಟಿಲ್ಲ, ಪೆಟ್ಟಿಗಿಗೆ ಕೂಲಿ ಮುಟ್ಟಿಲ್ಲ, ಲೋಕದ ಸಂಪತ್ತಿಗೆ ಕೈ ಚಾಚಿಲ್ಲ, ಆತ್ಮದ ಸಂಪತ್ತು ಸಾಕು ಅಂದೀನಿ. "ರವಿವಾರ" ಅನ್ನೋತನಕ ಬಂತು. ಅಷ್ಟಕ್ಕ ನಿಲ್ಲಿಸಿ ಕುಂತೆ. ಬಿಪಿ ಇರಬೇಕು ಅಂತ ಯಾರೋ ನೀರು ಕೊಟ್ರು. ಆರಾಧನೆ ಮುಗಿದ ಮ್ಯಾಲೆ ಕೇಕು ತಿಂದು ಎಲ್ಲಾರೂ ಅವರವರ ಮನಿಗೆ ಹೋದ್ರು. ನಾನೂ ಬಂದೆ. ಅನ್ನಕ್ಕ ಇಟ್ಟೆ, ಮರೆತು ಹೊತ್ತಿತು.

ಕೇಳು. ಶಿವದೇವಿಯನ್ನ ಮಣ್ಣು ಮಾಡಿದ ದಿನ ಮುಂಜಾನೆ ಒಂಬತ್ತಕ್ಕ ಶೋಭಾ ನನಗ ಫೋನ್ ಮಾಡಿದ್ದಳು. "ಕಾಕಾ, ಪಪ್ಪಾ ಅಂಗಡಿ ಪೆಟ್ಟಿಗಿ ತರಸ್ಯಾರ, ಅದು ಭಾಳ ಅಗಲ ಐತಿ, ಯಾದಗಿರಿಗೆ ಅಗಲ ತೋಡಂತ ಹೇಳ್ರಿ" ಅಂದಳು. ಹ್ಞೂಂ ಅಂದೆ. ಆಗ ನಾ ಸ್ಮಶಾನದಾಗೇ ಇದ್ದೆ. ಯಾದಗಿರಿ ನನ್ನ ಕಣ್ಣ ಮುಂದ ಕೋಲು ಹಿಡಿದು ಗೆರಿ ಹಾಕಾಕತ್ತಿದ್ದ. ಅಂವನ ಜೋಡಿ ಚಾ ಕುಡಿದೆ. ಬಿಸಿಲಿನ ಮಾತು ಆಡಿದೆ. ಅಂವನ ಮಗಳ ಲಗ್ನದ ಮಾತು ಆಡಿದೆ. ಪೆಟ್ಟಿಗಿ ಮಾತು ಹೇಳಲಿಲ್ಲ.

ಮರೆತೆ ಅಂತ ಬರೀಬಹುದಿತ್ತು. ಮರೆತಿದ್ದಿಲ್ಲ. ಸಿಕ್ಕೊಳ್ಳಲಿ, ಮಂದಿ ನೋಡಲಿ ಅಂತ ಸುಮ್ಮನಾದೆ. ನಲವತ್ತೊಂದು ವರ್ಷ ಜೋಡಿ ಮಾಡಿದ ಪೆಟ್ಟಿಗಿ ಬಿಟ್ಟು ನೀ ಅಂಗಡಿಗೆ ಹೋಗಿದ್ದಿ, ಆ ಹೊಟ್ಟಿ ಉರಿ. ಬಾಗಿಲ ಸಣ್ಣದು ಅನ್ನೋ ಮಾತು ಕುಣಿ ಕಡೆ ಹುಟ್ಟಿದ್ದಲ್ಲ. ಮುಂಜಾನಿಂದ ಬಾಯಾಗ ಇಟ್ಕೊಂಡು ಕುಂತಿದ್ದೆ.

ನೀ ಬಡತನದ ಆಸೆ ಅಂದಿಯಲ್ಲ, ಓದಿ ನಿನ್ನ ಮ್ಯಾಲೆ ಕೆಂಡ ಆದೆ. ಆಮ್ಯಾಲೆ ಎರಡು ತಿಂಗಳು ಅದೇ ಮಾತು ಜೋಡಿ ಇದ್ದೆ. ಮನಿಯಾಗ ಬ್ಯಾರೆ ಯಾರ ಮಾತೂ ಇಲ್ಲ, ಅದೊಂದೇ.

ಶೋಭಾ ನಿನಗ ಹೇಳಿಲ್ಲ ಅಂತ ಕಾಣಸ್ತೈತಿ. ಏಳು ತಿಂಗಳು ಆಕಿ ನನ್ನ ಮಾನ ಕಾಯ್ದಾಳ. ಇನ್ನ ಕಾಯೋದು ಬ್ಯಾಡ ಅಂತ ಹೇಳು.

ಇದಕ್ಕಿಂತ ಹೆಚ್ಚು ಬರೆಯಾಕ ಬರದವ,
ಕಲ್ಯಾಣಪ್ಪ

*

ಗಚ್ಚಿಬೌಲಿ
8 ಫೆಬ್ರವರಿ 2009, ರವಿವಾರ

ಕಲ್ಯಾಣಾ,

ನಿನ್ನ ಪತ್ರ ಓದಿ ಶೋಭಾನ್ನ ಕೇಳಿದೆ. "ಕಾಕಾ ಗಡಿಬಿಡಿಯಾಗ ಮರೆತಿರಬೇಕು ಅನ್ಕೊಂಡೆ ಪಪ್ಪಾ" ಅಂದಳು. ಮರೆತಿದ್ದಿಲ್ಲಂತ ಅಂದು ಪತ್ರ ಅವಳ ಕೈಗೆ ಕೊಟ್ಟೆ. ಓದಿ ವಾಪಸ್ ಕೊಟ್ಟಳು. ಒಂದು ತಿಂಗಳು ನನ್ನ ಸಿಟ್ಟು ಇಳೀಲಿಲ್ಲ. ಒಮ್ಮೆ ಕಾರು ತಗೊಂಡು ಉಪ್ಪಲ್ ದಾರಿಗೆ ಅರ್ಧದ ತನಕ ಬಂದೆ, ನಿನ್ನ ಕೊರಳಪಟ್ಟಿ ಹಿಡಿಯಬೇಕು ಅಂತ. ಸಿಗ್ನಲ್‌ನಲ್ಲಿ ನಿಂತಾಗ, ಹಿಡಿದು ಏನು ಕೇಳಲಿ ಅನ್ನಿಸಿ ತಿರುಗಿಸಿದೆ.

ಯಾಕಂದರೆ ನನ್ನ ಕಡೆಗೂ ಒಂದು ಐತಿ. ಶೋಭಾಗೂ ಗೊತ್ತಿಲ್ಲ.

ಶಿವದೇವಿ ಹೋಗುವ ಮೂರು ದಿನ ಮುಂಚೆ ಸ್ವಲ್ಪ ಹುಷಾರಾಗಿದ್ದಳು. ಗಂಜಿ ಕುಡಿದು, "ಕಲ್ಯಾಣಣ್ಣನ ಪೆಟ್ಟಿಗಿ ಸಾಕು ನನಗ. ಹೋದ ವರ್ಷದಂಗ ತೆಳು ಅರಿವಿ ಹಚ್ಚಬ್ಯಾಡಂತ ಹೇಳ್ರಿ, ಕಟ್ಟಿಗಿ ಕಾಣಸ್ತಿತ್ತು" ಅಂದಳು. ಆಯಿತು ಅಂದೆ. ಆಕೆ ಹೋದ ಕೂಡಲೇ ನನ್ನ ತಲೆಯಲ್ಲಿ ಬಂದದ್ದು, ಬಿಲ್ಡರ್‌ಗಳು ಬರುತ್ತಾರೆ, ಕಂಪನಿಯವರು ಬರುತ್ತಾರೆ, ಅವರ ಮುಂದೆ ಕಾಡುಕಟ್ಟಿಗೆ ಪೆಟ್ಟಿಗೆ ಹೇಗೆ ಇಡಲಿ ಅಂತ. ಇಪ್ಪತ್ತು ವರ್ಷ ಆಕೆ ಕೇಳದೇ ಇದ್ದದ್ದನ್ನೆಲ್ಲ ತಂದು ಕೊಟ್ಟೆ. ಬಾಯಿ ಬಿಟ್ಟು ಕೇಳಿದ್ದು ಇದೊಂದೇ. ಇದನ್ನು ಕೊಡಲಿಲ್ಲ. ಯಾರಿಗಾಗಿ ಸಾಗವಾನಿ ತಂದೆನೋ ಅವರು ಪೆಟ್ಟಿಗೆ ಸಿಕ್ಕಿಕೊಂಡಾಗಲೇ ಫೋನ್ ಕಿವಿಗೆ ಹಚ್ಚಿಕೊಂಡು ಒಬ್ಬೊಬ್ಬರಾಗಿ ಹೋದರು. ಮುಗಿಯುವ ತನಕ ನಿಂತವರು ನಮ್ಮ ಇಪ್ಪತ್ತೆರಡು ಮಂದಿ.

ಇಲ್ಲಿ ಹದಿನಾಲ್ಕನೇ ಮಹಡಿಯಲ್ಲಿ ಗಾಳಿ ಚೆನ್ನಾಗೈತಿ. ಶೋಭಾ ಪಕ್ಕದ ಟವರಿನಲ್ಲಿದ್ದಾಳೆ, ದಿನಾ ಡಬ್ಬಿ ಕಳಿಸುತ್ತಾಳೆ. ಲಿಫ್ಟಿನಲ್ಲಿ ಸಿಕ್ಕವರು ಗುಡ್ ಮಾರ್ನಿಂಗ್ ಅಂತಾರೆ. ರವಿವಾರ ಆರಕ್ಕೆ ಎದ್ದು ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ ಕೂಡುತ್ತೇನೆ. ಈಗ ಮೊದಲನೇ ಹಾಡು, ಈಗ ಅರಿಕೆ, ಈಗ ಕಾಣಿಕೆ ಅಂತ ಗಡಿಯಾರ ನೋಡುತ್ತಾ ಇರುತ್ತೇನೆ. ಎಂಟೂವರೆಗೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತೇನೆ. ಇವತ್ತೂ ಅದನ್ನೇ ಮಾಡಿ ಇದನ್ನು ಬರೆಯಾಕತ್ತೀನಿ.

ಕ್ಷಮಿಸಿದೆ ಅಂತ ಬರೆಯುವುದು ನನ್ನಿಂದ ಇನ್ನೂ ಆಗುವುದಿಲ್ಲ. ಯಾರು ಯಾರನ್ನು ಕ್ಷಮಿಸಬೇಕು ಅಂತಲೂ ತಿಳಿಯವಲ್ದು. ಆಕೆಯ ಗೋರಿಯ ಮುಂದೆ ಹೋಗಿ ನಿಲ್ಲುವ ಮುಖ ನನಗಿಲ್ಲ. ಅದಕ್ಕೇ ಬರುವುದಿಲ್ಲ. ನಿನ್ನ ಮಾತು ಒಂದು ನೆಪ ಆಗಿತ್ತು.

ವೈಜನಾಥ

*

ಉಪ್ಪಲ್
22 ಮಾರ್ಚ್ 2009, ರವಿವಾರ

ವೈಜ್ಯಾ,

ಆರು ವಾರ ತಡ ಆತು. ಆಕಿ ನನ್ನ ಪೆಟ್ಟಿಗಿ ಕೇಳಿದ್ಲು ಅನ್ನೋದನ್ನ ಓದಿ ಪತ್ರ ಮಡಚಿ ಬೈಬಲ್ಲಿನಾಗ ಇಟ್ಟೆ. ಮತ್ತ ತಗದು ಓದಿದೆ. ಮತ್ತ ಇಟ್ಟೆ. ಅರಿವಿ ತೆಳು ಇತ್ತು ಅಂದದ್ದೂ ಖರೇ. ಆ ಸಲ ಕೋಠಿ ಬಜಾರದಾಗ ಸೋವಿ ನೋಡಿ ತಂದಿದ್ದೆ. ಆಕಿ ಕಣ್ಣಿಗೆ ಬಿದ್ದಿತ್ತು, ನನಗ ಹೇಳಿರಲಿಲ್ಲ.

ಆ ಕೆಲಸ ನನ್ನ ಕೈಗೆ ಬರಬೇಕಿತ್ತು. ನೀ ಕಸಗೊಂಡಿ. ಬರದಿದ್ದಕ್ಕ ನಾ ಹಂಗ ಮಾಡಿದೆ. ಇದರಾಗ ಯಾರದು ಎಷ್ಟು ಅಂತ ಅಳಿಯಾಕ ನನ್ನ ಕಡೆ ಕೋಲು ಇಲ್ಲ.

ಹೋದ ತಿಂಗಳು ಆರಾಧನೆ ಆದ ಮ್ಯಾಲೆ ಎಲ್ಲಾರ ಮುಂದ ನಿಂತು, ಶೋಭಾ ಫೋನ್ ಮಾಡಿದ್ದು, ನಾ ಹೇಳದೇ ಕುಂತದ್ದು, ಎರಡೂ ಹೇಳಿದೆ. ನಿನ್ನ ಮಾತು ಹೇಳಿಲ್ಲ, ಅದು ನಿನ್ನದು. ಹೊರಗ ತೆಲುಗಿನವರು ನಿಂತಿದ್ರು, ಅವರೂ ಕೇಳಿದ್ರು. ಮುಂದಿನ ವಾರದಿಂದ ಕೆಲವರು ಎದುರಾದಾಗ ನನಗ ಸ್ತೋತ್ರ ಅನ್ನೋದು ಬಿಟ್ಟಾರ. ಅನ್ನದಿದ್ರ ಬಿಡಲಿ. ಆದ್ರ ಕುಣಿ ತಪ್ಪು ತೋಡಿದಿ ಅಂತ ಕಮಿಟಿಯವರು ಯಾದಗಿರಿಗೆ ಒಂಬತ್ತು ತಿಂಗಳು ಬೈಕೋತ ಬಂದಾರ, ಅದು ನನಗ ಆವತ್ತೇ ಗೊತ್ತಾತು. ಅಂವನ ಮನಿಗೆ ಹೋಗಿ ಕೈ ಮುಗಿದೆ. "ತಾತಾ, ಪೆಟ್ಟಿಗಿ ದೊಡ್ಡದಾದ್ರ ಬಾಯಿ ಬಿಟ್ಟು ಹೇಳಬೇಕು. ನಾನೇನ್ ಜ್ಯೋತಿಷ್ಯ ಹೇಳೋವನಾ?" ಅಂದ. ಆಮ್ಯಾಲೆ ಅರ್ಧ ತಾಸು ಬೈದ. ಬೈದು ಊಟಕ್ಕ ಕೂಡಿಸಿದ.

ಈಗ ಕೆಲಸದ ಮಾತು. ಏಪ್ರಿಲ್ ಹನ್ನೆರಡಕ್ಕ ಈಸ್ಟರ್. ಹಿಂದಿನ ದಿನ ಶನಿವಾರ ಗೋರಿಗಳಿಗೆ ಸುಣ್ಣ. ಮನಿಯವರೇ ಬಳೀಬೇಕು, ಪರರು ಬಳಿಯೋ ಪದ್ಧತಿ ಇಲ್ಲ, ನಿನಗ ಹೇಳಬೇಕಾಗಿಲ್ಲ. ರವಿವಾರ ಬೆಳಗು ಹರಿಯೋ ಹೊತ್ತಿಗೆ ಅಯ್ಯನವರು ಹೋದ ಈಸ್ಟರಿನಿಂದ ಈಚೆಗೆ ಹೋದವರ ಹೆಸರು ಓದ್ತಾರ. ಓದಿದಾಗ ಗೋರಿ ಕಡೆ ನಿಂತ ಮನಿಯವರು, ಗಂಡ ಇದ್ರ ಗಂಡನೇ, "ಎದ್ದು ಬರ್ತಾಳ" ಅಂತ ಅನ್ನಬೇಕು. ಈ ವರ್ಷ ಎರಡೇ ಹೆಸರು. ಮಾರ್ಥಾಬಾಯಿಗೆ ಯಾರೂ ಇಲ್ಲ, ಆಕಿ ಗೋರಿಗೆ ಸುಣ್ಣ ನಾ ಬಳೀತೀನಿ, ಆಕಿ ಸಲುವಾಗಿ ನಾ ಅನ್ನತೀನಿ ಅಂತ ಅಯ್ಯನವರನ್ನ ಕೇಳೀನಿ, ಒಪ್ಯಾರ. ಶಿವದೇವಿ ಸಲುವಾಗಿ ನಾ ಅನ್ನಂಗಿಲ್ಲ. ಅನ್ನೋ ಹಕ್ಕು ನಾನೇ ಕಳಕೊಂಡೀನಿ. ಹೆಸರು ಓದಿದ ಮ್ಯಾಲೆ ಯಾರೂ ಮಾತಾಡದಿದ್ರ ಅಯ್ಯನವರು ಸ್ವಲ್ಪ ಹೊತ್ತು ಕಾಯ್ತಾರ. ಕಾಯ್ದು ಹಾಳಿ ತಿರುವ್ತಾರ.

ಮುಖ ಇಲ್ಲ ಅಂದಿ. ಮುಖ ಯಾರು ಕೇಳ್ಯಾರ? ಆಕಿ ನಿನ್ನ ಮುಖ ನೋಡಿ ಮದುವಿ ಆದಾಕಿ ಅಲ್ಲ, ಆ ಮುಖ ನಾನೂ ನೋಡೀನಿ. ನೀ ಬಂದು ಆ ಗೋರಿ ಎಡಕ್ಕ ನಿಲ್ಲು. ನಾ ಎರಡು ಸಾಲು ಆಚೆ ಮಾರ್ಥಾಬಾಯಿ ಕಡೆ ನಿಂತಿರ್ತೀನಿ. ನನ್ನ ಜೋಡಿ ಮಾತಾಡಬೇಕಂತ ಏನಿಲ್ಲ. ಆಮ್ಯಾಲೆ ಚಾಕ್ಕ ನಿಲ್ತೀಯೋ, ಕಾರು ಹತ್ತಿ ಹೋಗ್ತೀಯೋ, ನಿನ್ನ ಖುಷಿ.

ಸುಣ್ಣದ ಕಲ್ಲು ನಾನೇ ತರ್ತೀನಿ, ನೀನು ಆ ಊರಾಗ ಎಲ್ಲಿ ಹುಡುಕ್ತಿ. ಅದು ಎಂಟು ದಿನ ನೆನಿಬೇಕು. ಸೂಗಮ್ಮ, ಮಾರ್ಥಾಬಾಯಿ ಎರಡು ಗೋರಿಗಷ್ಟೇ ನೆನಿ ಹಾಕಲೋ ಮೂರಕ್ಕೋ ಅನ್ನೋದು ನನಗ ಮೊದಲೇ ಗೊತ್ತಾಗಬೇಕು. ಉಳಿದ ಸುಣ್ಣ ಚೆಲ್ಲಾಕ ನನಗ ಮನಸ್ಸಿಲ್ಲ.

ನಿನ್ನ ಉತ್ತರಕ್ಕ ಬಾಗಿಲಾಗ ಕುಂತವ,
ಕಲ್ಯಾಣಪ್ಪ

ಏಪ್ರಿಲ್ ಎರಡು, ಗುರುವಾರ. ಅದರೊಳಗ ಉತ್ತರ ನನ್ನ ಕೈಯಾಗ ಇರಬೇಕು. ಬರ್ತೀನಿ ಅಂತ ಬರಿ, ಇಲ್ಲಾ ಬರಂಗಿಲ್ಲ ಅಂತ ಬರಿ.